ನನ್ನ ದವಡೆಯ ಮುಂಬಡ್ತಿ

ನಾನು ಗೊರಕೆ ಹೊಡೆಯುವುದಿಲ್ಲ. ಮದುವೆಯಾಗಿ ಬಹಳ ವರ್ಷಗಳವರೆಗೆ ಈ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹೊಡೆದಿದ್ದರೆ ಒಂದು ದಿನವಾದರೂ ನನಗೆ ಕೇಳಿಸಬೇಕಿತ್ತಲ್ಲ! ಕೇಳಿಸಿರಲಿಲ್ಲ. ಆದ್ದರಿಂದ ಹೊಡೆಯುತ್ತಿರಲಿಲ್ಲ. ಹೈಸ್ಕೂಲಿನ ಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸುವವನಿಗೆ ಇಷ್ಟು ತರ್ಕ ಬಾರದೆ ಇರುತ್ತದೆಯೇ?

ಚಾಮರಾಜನಗರ ಆಗಿನ್ನೂ ಮೈಸೂರು ಜಿಲ್ಲೆಯಲ್ಲೇ ಇತ್ತು. ಇಂದು ಜಿಲ್ಲೆಯಾಗುತ್ತದೆ, ನಾಳೆ ಜಿಲ್ಲೆಯಾಗುತ್ತದೆ ಎಂದು ಊರಿಗೆ ಊರೇ ಎಚ್ಚರವಾಗಿ ಕಾಯುತ್ತಿದ್ದ ಕಾಲ. ನಾನೊಬ್ಬ ಮಾತ್ರ ನಿದ್ದೆ ಮಾಡುತ್ತಿದ್ದೆ. ಆ ಊರಿನಲ್ಲಿ ನಾನು ನಿದ್ದೆ ಮಾಡದ ಕಟ್ಟಡಗಳು ಬಹಳ ಕಡಿಮೆ. ಸ್ಟಾಫ್ ಮೀಟಿಂಗಿನಲ್ಲಿ ಮಲಗಿದ್ದೇನೆ. ಕ್ಷೌರದ ಕುರ್ಚಿಯಲ್ಲಿ, ಕತ್ತಿ ಕತ್ತಿನ ಮೇಲಿರುವಾಗಲೇ ಮಲಗಿದ್ದೇನೆ. ಪರೀಕ್ಷಾ ಕೊಠಡಿಗೆ ಮೇಲ್ವಿಚಾರಕನಾಗಿ ನಾನು ಕಾಲಿಟ್ಟರೆ ಹುಡುಗರ ಮುಖದ ಮೇಲೆ ಎಂಥ ಸಂತೋಷ ಮೂಡುತ್ತಿತ್ತೆಂದರೆ, ಗುರುವಿನ ಮೇಲೆ ಈ ಕಾಲದಲ್ಲೂ ಮಕ್ಕಳಿಗೆ ಎಷ್ಟು ಪ್ರೀತಿ ಎಂದು ನಾನು ಗದ್ಗದಿತನಾಗುತ್ತಿದ್ದೆ. ಗದ್ಗದಿತನಾಗಿ, ಹಾಗೇ ನಿದ್ದೆ ಹೋಗುತ್ತಿದ್ದೆ!

ನನ್ನ ಹೆಂಡತಿ ರಾಜಮ್ಮಣ್ಣಿಯ ಕಣ್ಣಿನ ಕೆಳಗೆ ಮಾತ್ರ ಯಾವಾಗಲೂ ಕಪ್ಪು. ರಕ್ತ ಕಡಿಮೆಯಿರಬೇಕೆಂದು ನಾನೇ ರೋಗನಿರ್ಣಯ ಮಾಡಿ, ಸಂತೆಯಿಂದ ವಾರವಾರ ಬೀಟ್‌ರೂಟ್ ತಂದು ಹಾಕುತ್ತಿದ್ದೆ. ಅವಳು ಒಂದು ಮಾತೂ ಆಡದೆ ಅದನ್ನು ತಿನ್ನುತ್ತಿದ್ದಳು. ನನ್ನಂಥ ಗಂಡ ಸಿಗಲು ಪುಣ್ಯ ಬೇಕು ಎಂದುಕೊಂಡು ನಾನು ಮಗ್ಗುಲು ಬದಲಿಸುತ್ತಿದ್ದೆ.

ಹೀಗಿರುವಾಗ ಗುಂಡ್ಲುಪೇಟೆಯಲ್ಲಿ ನನ್ನ ಭಾಮೈದ ಮಹದೇವಸ್ವಾಮಿಯ ನಿಶ್ಚಿತಾರ್ಥ ಗೊತ್ತಾಯಿತು. ರಾಜಮ್ಮಣ್ಣಿ ಮುಂಚೆಯೇ ತವರಿಗೆ ಹೋದಳು. ಹೆಣ್ಣಿಗೆ ಉಡಿಸಬೇಕಾದ ರೇಷ್ಮೆ ಸೀರೆ ಚಾಮರಾಜನಗರದಲ್ಲಿ ಕುಚ್ಚು ಕಟ್ಟಲು ಕೊಟ್ಟಿದ್ದರಿಂದ, ಅದನ್ನು ತೆಗೆದುಕೊಂಡು ಬರುವ ಮಹತ್ತರ ಜವಾಬ್ದಾರಿ ನನ್ನ ಹೆಗಲೇರಿತು.

ಹೊರಡುವಾಗ ಅವಳು ಹೇಳಿದ್ದು ಒಂದೇ ಮಾತು. "ಬಸ್ಸಲ್ಲಿ ಕೂತ್ಕೋಬೇಡಿ. ನಿಂತ್ಕೊಂಡೇ ಬನ್ನಿ."

ಇದೆಂಥ ಮಾತು! ಬಸ್ಸು ಖಾಲಿಯಿತ್ತು. ಕಿಟಕಿಯ ಪಕ್ಕ ಸೀಟಿತ್ತು. ಸೀರೆಯ ಪೊಟ್ಟಣವನ್ನು ಎದೆಗವಚಿಕೊಂಡು ಕೂತೆ. ಉಡಿಗಾಲ ದಾಟಿದ್ದು ನೆನಪಿದೆ. ಆಮೇಲೆ ಯಾರೋ ನನ್ನ ಮೊಣಕಾಲು ತಟ್ಟಿ, "ಚಾಯ ವೇಣೋ?" ಎಂದರು.

ನಾನು ಕಣ್ಣು ಬಿಟ್ಟೆ. ಸುತ್ತಲೂ ಬಾಳೆಕಾಯಿ ಚಿಪ್ಸಿನ ಅಂಗಡಿಗಳು. ಬೋರ್ಡುಗಳೆಲ್ಲ ಗುಂಡುಗುಂಡಾಗಿದ್ದವು. ನಿದ್ದೆಗಣ್ಣಿಗೆ ಕನ್ನಡ ಅಕ್ಷರವೇ ಹೀಗೆ ಕಾಣುತ್ತಿದೆ ಎಂದುಕೊಂಡು ಕಣ್ಣುಜ್ಜಿದೆ. ಅವು ಮತ್ತಷ್ಟು ಗುಂಡಾದವು. ಗುಂಡ್ಲುಪೇಟೆ ಹೋಗಿತ್ತು, ಕಾಡು ಹೋಗಿತ್ತು, ಕರ್ನಾಟಕವೇ ಹೋಗಿತ್ತು. ನಾನು ಕೇರಳದ ಸುಲ್ತಾನ್ ಬತ್ತೇರಿಯಲ್ಲಿದ್ದೆ!

ಕಂಡಕ್ಟರನ ಮೇಲೆ ಹರಿಹಾಯ್ದೆ. ಅವನು ಶಾಂತವಾಗಿ ಹೇಳಿದ. "ಗುಂಡ್ಲುಪೇಟೆ ಗುಂಡ್ಲುಪೇಟೆ ಅಂತ ನಿಮ್ ಕಿವಿತಾವೇ ಕೂಗ್ದೆ ಸಾರ್. ನೀವು 'ಗೊರ್' ಅಂದ್ರಿ. ಬ್ಯಾಡ ಅಂತಾವ್ರೆ ಅಂದ್ಕಂಡೆ."

ವಾಪಸ್ಸು ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಗುಂಡ್ಲುಪೇಟೆಯಲ್ಲಿ ಇಳಿಯುವ ಹೊತ್ತಿಗೆ ಮುಹೂರ್ತ ಮುಗಿದು, ಹೆಣ್ಣು ತನ್ನ ತಾಯಿಯ ಹಳೆಯ ಸೀರೆಯಲ್ಲೇ ಹಸೆಮಣೆಯಿಂದ ಎದ್ದು, ಬೀಗರು ಊಟ ಮಾಡಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ನನ್ನ ಮಾವ ಪುಟ್ಟಬಸಪ್ಪನವರು ಅರಿಸಿನದ ವ್ಯಾಪಾರಿ, ಗಟ್ಟಿ ಗಂಟಲಿನವರು. ಎಲ್ಲಿಗೆ ಹೋಗಿದ್ದೆನೆಂದು ನಾನು ಒಪ್ಪಿಕೊಂಡ ಕೂಡಲೇ ಜಗಲಿಯ ಮೇಲಿಂದ ಕೇಳಿದರು. "ಏನ್ ಅಳಿಯಂದ್ರೆ, ಬತ್ತೇರೀಲಿ ನಿಮಗೂ ಒಂದ್ ಹೆಣ್ ನಿಶ್ಚಯ ಮಾಡ್ಕಂಡ್ ಬಂದ್ರಾ? ಸೀರೆ ಬ್ಯಾರೆ ಕೈಲಿತ್ತು!"

ಬೀಗರೆಲ್ಲ ನಕ್ಕರು. ನಾನೂ ನಕ್ಕೆ. ನಗದೆ ಬೇರೆ ದಾರಿಯಿರಲಿಲ್ಲ. ರಾಜಮ್ಮಣ್ಣಿ ಮಾತ್ರ ನಗಲಿಲ್ಲ.

"ನಗ್ಬೇಡಿ ಅಪ್ಪಯ್ಯ," ಎಂದಳು. "ಅವ್ರಿಗೆ ರಾತ್ರಿ ಹೊತ್ತು ನಿದ್ದೆನೇ ಇಲ್ಲ."

"ನಿದ್ದೆ ಇಲ್ವಾ! ಈವಯ್ಯನ್ಗಾ?"

"ಗೊರ್ಕೆ ಹೊಡೀತಾ ಹೊಡೀತಾ ತಟಕ್ಕನೆ ಉಸ್ರು ನಿಂತೋಯ್ತದೆ. ಎದೆ ಎದ್ದೆದ್ದು ಬೀಳ್ತದೆ, ಗಾಳಿ ಮಾತ್ರ ಒಳಕ್ಕೆ ಓಗಲ್ಲ. ನಾನು ಭುಜ ಹಿಡ್ದು ಅಲ್ಲಾಡುಸ್ತೀನಿ. ಆಗ ಬತ್ತದೆ. ಒಸಿ ಹೊತ್ತಿಗೆ ಮತ್ತೆ ಹಂಗೇ ಆಯ್ತದೆ."

"ದಿನಾನಾ?"

"ದಿನಾ."

ನಾನು ಅವಳನ್ನೇ ನೋಡಿದೆ. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಎದ್ದು ಕೂತು, ನನ್ನ ಉಸಿರನ್ನು ಕಾವಲು ಕಾದಿದ್ದಾಳೆ. ನಾನು ಅವಳಿಗೆ ಬೀಟ್‌ರೂಟ್ ತಿನ್ನಿಸಿದ್ದೇನೆ!

"ನನಗೆ ಯಾಕೆ ಹೇಳಲಿಲ್ಲ?" ಎಂದು ಆಮೇಲೆ ಹಿತ್ತಿಲಲ್ಲಿ ಕೇಳಿದೆ.

"ಹೇಳುದ್ರೆ ಎದ್ರುಕೊಂಡು ನಿದ್ದೆ ಮಾಡ್ದೆ ಇದ್ಬುಡ್ತೀರಿ ಅಂತ," ಎಂದಳು.

ಮರುವಾರವೇ ಮೈಸೂರಿಗೆ ಹೊರಟೆ. ಅವಳು ಬರುತ್ತೇನೆಂದಳು. ರೋಗ ನನ್ನದು, ಗಂಟಲು ನನ್ನದು, ನೀನೇಕೆ ಎಂದು ಗಂಭೀರವಾಗಿ ನಿರಾಕರಿಸಿ ಒಬ್ಬನೇ ಹೋದೆ. ನಿಂತುಕೊಂಡು ಹೋದೆ. ಡಾಕ್ಟರು ಕನ್ನಡಕದ ಮೇಲಿನಿಂದ ನೋಡುವ ಸಾವಧಾನದ ಮನುಷ್ಯ.

"ಉಸಿರು ಎಷ್ಟು ಹೊತ್ತು ನಿಲ್ಲುತ್ತೆ?"

"ಗೊತ್ತಿಲ್ಲ ಸಾರ್. ನಿದ್ದೆಯಲ್ಲಿರ್ತೀನಿ."

"ರಾತ್ರಿ ಎಷ್ಟು ಸಲ?"

"ಆಗಲೂ ನಿದ್ದೆಯಲ್ಲೇ ಇರ್ತೀನಿ ಸಾರ್."

"ಗೊತ್ತಿರೋರನ್ನ ಮನೇಲಿ ಬಿಟ್ಟು ಬಂದಿದ್ದೀರಿ," ಎಂದು ಅವರು ನನ್ನ ಮುಖವನ್ನು ಪಕ್ಕಕ್ಕೆ ತಿರುಗಿಸಿದರು. ಗಡ್ಡದೊಳಗೆ ಬೆರಳು ಹಾಕಿ ಗದ್ದವನ್ನು ಹುಡುಕಿದರು. ಸಿಕ್ಕಲು ಸ್ವಲ್ಪ ಹೊತ್ತು ಹಿಡಿಯಿತು. ಎಕ್ಸ್‌ರೇ ತೆಗೆಸಿದರು. ಕೊನೆಗೆ ವಿವರಿಸಿದರು. ನನ್ನ ಕೆಳದವಡೆ ಹುಟ್ಟಿನಿಂದಲೇ ಹಿಂದಕ್ಕಿದೆ. ನಾಲಗೆಗೆ ಜಾಗ ಸಾಲದು. ಅಂಗಾತ ಮಲಗಿದರೆ ಅದು ಹಿಂದಕ್ಕೆ ಜಾರಿ ಉಸಿರಿನ ದಾರಿಗೆ ಅಡ್ಡ ಬೀಳುತ್ತದೆ. ನನ್ನ ನಾಲಗೆ ಉದ್ದವಾಯಿತೆಂದು ಸಹೋದ್ಯೋಗಿಗಳು ಮೊದಲಿನಿಂದ ಹೇಳುತ್ತಿದ್ದರು. ಅದು ಈಗ ವೈದ್ಯಕೀಯವಾಗಿ ಸಾಬೀತಾಯಿತು!

"ಮೊದಲು ತೂಕ ಇಳಿಸಿ. ಅಂಗಾತ ಮಲಗಬೇಡಿ, ಮಗ್ಗುಲಾಗಿ ಮಲಗಿ. ಮೂಗಿಗೆ ಗಾಳಿ ಒತ್ತುವ ಒಂದು ಯಂತ್ರ ಹೊರದೇಶದಲ್ಲಿದೆ, ನಮ್ಮ ಕಡೆ ಸಿಗೋದು ಕಷ್ಟ. ಇದ್ಯಾವುದರಲ್ಲೂ ಆಗದಿದ್ದರೆ ಒಂದು ಆಪರೇಷನ್ ಇದೆ. ಮೇಲಿನ ದವಡೆ, ಕೆಳಗಿನ ದವಡೆ ಎರಡನ್ನೂ ಕೊಯ್ದು, ಮುಂದಕ್ಕೆ ಸರಿಸಿ, ಸ್ಕ್ರೂ ಹಾಕಿ ಕೂರಿಸುತ್ತಾರೆ. ಬೆಂಗಳೂರಿನಲ್ಲಿ ಮಾಡುವವರಿದ್ದಾರೆ. ಕೆಲವು ವಾರ ಹಲ್ಲಿಗೆ ಹಲ್ಲು ತಂತಿಯಲ್ಲಿ ಕಟ್ಟಿರುತ್ತಾರೆ. ಮಾತಿಲ್ಲ, ಅಗಿಯೋ ಹಾಗಿಲ್ಲ, ಬರೀ ನೀರಿನ ಆಹಾರ. ದೊಡ್ಡ ಆಪರೇಷನ್ನು. ಯೋಚನೆ ಮಾಡಿ."

ಅವರು ಹೇಳಿದ್ದು ಇಷ್ಟು. ನನ್ನ ಕಿವಿಗೆ ಬಿದ್ದದ್ದು ಮಾತ್ರ ಬೇರೆ. ತೂಕ, ಮಗ್ಗುಲು, ಯಂತ್ರ ಎಲ್ಲ ಹಾರಿಹೋಗಿ, "ದವಡೆ ಮುಂದಕ್ಕೆ" ಎಂಬ ಎರಡು ಶಬ್ದಗಳು ಉಳಿದವು. ಸರ್ವೀಸಿನಲ್ಲಿ ನನಗೆ ಬಾರದ ಮುಂಬಡ್ತಿ ದವಡೆಗಾದರೂ ಬರುತ್ತಿದೆ! ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಗದ್ದವನ್ನು ಕೈಯಿಂದ ಮುಂದಕ್ಕೆಳೆದು ನೋಡಿದೆ. ಸಿನಿಮಾ ಪೋಸ್ಟರಿನಲ್ಲಿ ಕತ್ತಿ ಹಿಡಿದು ನಿಲ್ಲುವ ರಾಜಕುಮಾರನ ಗದ್ದ. ಈ ಮುಖವನ್ನು ಇಷ್ಟು ವರ್ಷ ಗಡ್ಡದೊಳಗೆ ಬಚ್ಚಿಟ್ಟು ಊರಿಗೆ ಅನ್ಯಾಯ ಮಾಡಿಬಿಟ್ಟೆ ಎನಿಸಿತು.

ಸುದ್ದಿಯನ್ನು ಎಲ್ಲರಿಗೂ ಸಾರಿದೆ. ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಗುರುಸಿದ್ಧಯ್ಯ ಸೀಮೆಸುಣ್ಣ ತೆಗೆದುಕೊಂಡು ನನ್ನ ಭವಿಷ್ಯದ ಮುಖವನ್ನು ಬೋರ್ಡಿನ ಮೇಲೆ ಬರೆದೇಬಿಟ್ಟರು. ಗದ್ದವನ್ನು ಮುಂದಕ್ಕೆ ತರುತ್ತಾ ತರುತ್ತಾ ಉತ್ಸಾಹ ಹೆಚ್ಚಾಗಿ, ಅದು ಮೂಗನ್ನೂ ದಾಟಿಹೋಯಿತು. ಒಳಗೆ ಬಂದ ಅಟೆಂಡರ್ ನಿಂತು ನೋಡಿ, "ಈ ದೋಣಿ ಸಂದಾಕದೆ ಸಾರ್," ಎಂದ.

ಮಾವನವರು ಗುಂಡ್ಲುಪೇಟೆಯಿಂದ ವಿಚಾರಿಸಿಕೊಳ್ಳಲು ಬಂದರು. ಎಲ್ಲ ಕೇಳಿಸಿಕೊಂಡು, "ದವಡೇನ ಮುಂದಕ್ಕೆ ಎಳೆಯಕ್ಕೆ ಅದೇನ್ ನೇಗ್ಲಾ?" ಎಂದರು. ಆಮೇಲೆ ಎಲೆಯಡಿಕೆ ಚೀಲ ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿ, ಮೆಲ್ಲಗೆ, "ನೋವಾಯ್ತದಾ ಅಳಿಯಂದ್ರೆ?" ಎಂದು ಕೇಳಿದರು.

ರಾಜಮ್ಮಣ್ಣಿ ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು ಹೇಳಿದಳು. "ಮನೇಲಿ ಉಸ್ರು ನಿಂತ್ರೆ ನಾನಿದ್ದೀನಿ. ಆ ಆಪರೇಷನ್ ರೂಮೊಳಗೆ ನಿಂತೋದ್ರೆ ಯಾರು ಅಲ್ಲಾಡುಸ್ತಾರೆ?"

"ಅಲ್ಲಿ ದೊಡ್ಡ ದೊಡ್ಡ ಡಾಕ್ಟರಿರ್ತಾರೆ ಕಣೆ."

"ಅವ್ರಿಗೆ ನಿಮ್ ಉಸ್ರು ಗೊತ್ತಾ?" ಎಂದಳು. ಮೊರವನ್ನು ಮತ್ತೆ ಕೈಗೆತ್ತಿಕೊಂಡಳು. ಅವತ್ತು ಆರಿಸಿದ ಅಕ್ಕಿಯನ್ನೇ ಅವಳು ಮೂರು ಸಲ ಆರಿಸಿದಳು.

ಅವಳ ಹೆದರಿಕೆಯನ್ನು ಹೋಗಲಾಡಿಸುವುದು ಪತಿಯಾದ ನನ್ನ ಧರ್ಮವಷ್ಟೆ? ಬಾಯಿ ಕಟ್ಟಿಕೊಂಡು ಬದುಕುವುದು ಸುಲಭ ಎಂದು ನಾನು ಮಾಡಿ ತೋರಿಸಿದರೆ ಅರ್ಧ ಭಯ ಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಭಾಮೈದನ ಮದುವೆಯ ಜವಳಿ ತೆಗೆಯಲು ಅವಳು ಗುಂಡ್ಲುಪೇಟೆಗೆ ಹೋಗಿದ್ದ ಒಂದು ಭಾನುವಾರ, ಮಧ್ಯಾಹ್ನದ ಬಸ್ಸಿಗೆ ಅಪ್ಪನ ಜೊತೆ ವಾಪಸ್ಸು ಬರುವವಳಿದ್ದಳು. ಅಷ್ಟರೊಳಗೆ ಪೂರ್ವಾಭ್ಯಾಸ ಮುಗಿಸಿ, ಅವಳು ಬಾಗಿಲಿಗೆ ಬರುವ ಹೊತ್ತಿಗೆ ಗೆದ್ದ ಸೈನಿಕನಂತೆ ಕೂತಿರಬೇಕೆಂಬುದು ನನ್ನ ಯೋಜನೆ.

ಬೆಳಿಗ್ಗೆ ಸ್ನಾನ ಮಾಡಿದೆ. ಲಿಂಗಪೂಜೆ ಮಾಡಿಕೊಂಡೆ. ಹಣೆಗೆ ಎಂದಿಗಿಂತ ಧಾರಾಳವಾಗಿ ವಿಭೂತಿ ಬಳಿದೆ. ಬಿಳಿ ಪಂಚೆ ಉಟ್ಟೆ. ಹಳೆಯ ಪಂಚೆಯೊಂದರಿಂದ ಉದ್ದನೆಯ ಪಟ್ಟಿ ಹರಿದು, ಗದ್ದದ ಕೆಳಗಿನಿಂದ ತಂದು ನೆತ್ತಿಯ ಮೇಲೆ ಬಿಗಿಯಾಗಿ ಗಂಟು ಹಾಕಿದೆ. ಬಾಯಿ ಮುಚ್ಚಿತು. ಕನ್ನಡಿ ನೋಡಿಕೊಳ್ಳಲಿಲ್ಲ. ನೋಡಿಕೊಂಡಿದ್ದರೆ ಈ ಲೇಖನದ ಅಗತ್ಯವೇ ಬೀಳುತ್ತಿರಲಿಲ್ಲ!

ಮೊದಲ ಪರೀಕ್ಷೆ ಆಹಾರದ್ದು. ರಾಗಿ ಗಂಜಿ ಮಾಡಿಟ್ಟುಕೊಂಡಿದ್ದೆ. ಎಳನೀರಿನ ಅಂಗಡಿಯಿಂದ ತಂದ ಕೊಳವೆಯನ್ನು ತುಟಿಯ ಸಂದಿಗೆ ತೂರಿಸಿ ಎಳೆದೆ. ಗಂಜಿ ಬರಲಿಲ್ಲ. ಬಲವಾಗಿ ಎಳೆದೆ. ಗಂಟು ಬಂದು ಕೊಳವೆಗೆ ಸಿಕ್ಕಿಕೊಂಡಿತು. ಊದಿದೆ. ಗಂಜಿ ಅಡುಗೆಮನೆಯ ಗೋಡೆಗೆ ಬಂತು. ಉಪವಾಸವೂ ಚಿಕಿತ್ಸೆಯ ಭಾಗವೇ ಎಂದು ಸಮಾಧಾನ ಮಾಡಿಕೊಂಡು ಜಗಲಿಯ ಮೇಲಿನ ಕೈಕುರ್ಚಿಗೆ ಬಂದು ಕೂತೆ.

ಎರಡನೆಯ ಪರೀಕ್ಷೆ ಮಾತಿನದು. ಉಡಿಗಾಲದ ಮಾದಪ್ಪ ಎಂಬ ರೈತರು, ನನ್ನ ಕ್ಲಾಸಿನ ಹುಡುಗನೊಬ್ಬನ ತಂದೆ, ಒಂದು ಚೀಲ ಈರುಳ್ಳಿ ಹೊತ್ತುಕೊಂಡು ಬಂದರು.

"ಸಾರ್, ನಮ್ ಹೈದ ಪಾಸಾಯ್ತಾನಾ?"

ಆಮೇಲೆ ಬನ್ನಿ, ಹೇಳುತ್ತೇನೆ ಎನ್ನಬೇಕಿತ್ತು. ಬಾಯಿ ಕಟ್ಟಿದೆಯಲ್ಲ! ಕಣ್ಣು ಮುಚ್ಚಿ, ಬಲಗೈಯನ್ನು ನಿಧಾನವಾಗಿ ಮೇಲೆತ್ತಿ, ಅಂಗೈ ತೋರಿಸಿದೆ. ಅವರು ತಟಕ್ಕನೆ ನನ್ನ ಕಾಲಿಗೆ ಬಿದ್ದು, ಈರುಳ್ಳಿ ಚೀಲವನ್ನು ಅಲ್ಲೇ ಬಿಟ್ಟು ಹೊರಟುಹೋದರು. ಮೌನದಿಂದ ಮನುಷ್ಯನ ಗೌರವ ಎಷ್ಟು ಹೆಚ್ಚುತ್ತದೆ ಎಂದು ಬೆರಗಾದೆ. ಬಿಸಿಲು ಹಿತವಾಗಿತ್ತು. ಕಣ್ಣು ಹೇಗೂ ಮುಚ್ಚಿತ್ತು.

ಇಲ್ಲಿಂದ ಮುಂದಿನದು ನಾನು ನೋಡಿದ್ದಲ್ಲ. ನನ್ನನ್ನು ನೋಡಿದವರು ಹೇಳಿದ್ದು.

ನಮ್ಮ ಕಡೆ ಶಿವಭಕ್ತರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಹಣೆತುಂಬ ವಿಭೂತಿ ಬಳಿದು, ಬಾಯಿ ತೆರೆಯದಂತೆ ಬಿಳಿ ಬಟ್ಟೆಯಲ್ಲಿ ದವಡೆ ಕಟ್ಟಿ, ನೆಟ್ಟಗೆ ಕೂರಿಸುತ್ತಾರೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಅವತ್ತು ನೆನಪಾಗಲಿಲ್ಲ, ಅಷ್ಟೆ!

ಪಕ್ಕದ ಮನೆಯ ಸಾಕಮ್ಮ ಹಾಲಿಗೆ ಹೆಪ್ಪು ಕೇಳಲು ಲೋಟ ಹಿಡಿದು ಬಂದರು. ನನ್ನನ್ನು ನೋಡಿದರು. ಲೋಟ ಬಿತ್ತು.

"ಅಯ್ಯೋ ಶಿವನೇ! ಮೇಷ್ಟ್ರು ಓಗ್ಬುಟ್ರು!"

ಎದುರುಮನೆಯ ನಿವೃತ್ತ ಕಾಂಪೌಂಡರ್ ರಂಗಯ್ಯ ಓಡಿಬಂದರು. ಅವರು ತಮ್ಮ ಬೆರಳನ್ನು ನನ್ನ ಮೂಗಿನ ಕೆಳಗೆ ಹಿಡಿದರು. ನನ್ನ ದುರದೃಷ್ಟಕ್ಕೆ ಸರಿಯಾಗಿ ಆ ಹೊತ್ತಿಗೇ ನನ್ನ ಉಸಿರು ಬಿಡುವು ತೆಗೆದುಕೊಂಡಿತ್ತು. ಗಾಳಿಯಿಲ್ಲ. ರಂಗಯ್ಯ ತಲೆಯಲ್ಲಾಡಿಸಿ, ಹೆಗಲ ಮೇಲಿನ ಟವಲನ್ನು ಕಣ್ಣಿಗೊತ್ತಿಕೊಂಡು ಆಚೆ ತಿರುಗಿದರು. ಆ ಬಳಿಕ, ಬಾಯಿ ಕಟ್ಟಿದ್ದರಿಂದ ಗೊರಕೆಯಿಲ್ಲದೆ ಉಸಿರು ಬಂದದ್ದನ್ನು ನೋಡಲು ಯಾರೂ ಇರಲಿಲ್ಲ. ಬೀದಿಯ ಜನರೆಲ್ಲ ರಂಗಯ್ಯನನ್ನೇ ನೋಡುತ್ತಿದ್ದರು.

"ಸರ್ಯಾಗ್ ನೋಡುದ್ರಾ ರಂಗಯ್ಯ?" ಎಂದು ಯಾರೋ ಕೇಳಿದರಂತೆ.

"ನೋಡೋದೇನ್ ಬಂತು? ಆಗ್ಲೇ ಯಾರೋ ದವಡೆ ಕಟ್ಟಿ, ಈಬೂತಿ ಬಳ್ದು, ಕೂರ್ಸವ್ರೆ! ಸುಮ್ ಸುಮ್ನೆ ಕಟ್ತಾರಾ?"

ಅಂಗಡಿಬೀದಿಯವರೆಗೆ ಹೋಗಿದ್ದ ಉಡಿಗಾಲದ ಮಾದಪ್ಪನವರು ಗದ್ದಲ ಕೇಳಿ ಹಿಂದಕ್ಕೆ ಓಡಿಬಂದು ಸಾಕ್ಷಿ ನುಡಿದರು. "ಈಗಿನ್ನೂ ನನ್ಗೆ ಕೈಯೆತ್ತಿ ಆಶೀರ್ವಾದ ಮಾಡುದ್ರು ಕಣ್ರಪ್ಪಾ! ಬಾಯ್ ಬುಡ್ಲಿಲ್ಲ. ಕಣ್ ಮುಚ್ಚುದ್ರು. ಅವ್ರಿಗೆ ಮೊದ್ಲೇ ಗೊತ್ತಾಗಿತ್ತು. ತಮ್ ದವಡೆ ತಾವೇ ಕಟ್ಕಂಡು ಓದ ಪುಣ್ಯಾತ್ಮ!"

ನಾನು ಆ ಕ್ಷಣ ಸಂತನಾದೆ. ಹೂವಿನ ಬುಟ್ಟಿಯವಳು ಒಂದು ಹಾರವನ್ನು ತಂದು ಕೊರಳಿಗೆ ಹಾಕಿದಳು. ಯಾರೋ ಊದುಬತ್ತಿ ಹಚ್ಚಿ ಈರುಳ್ಳಿ ಚೀಲಕ್ಕೆ ಸಿಕ್ಕಿಸಿದರು. ಡ್ರಾಯಿಂಗ್ ಮೇಷ್ಟ್ರು ಗುರುಸಿದ್ಧಯ್ಯ ಬನಿಯನ್ನಿನಲ್ಲೇ ಓಡಿಬಂದು, ಕಂಬ ಹಿಡಿದುಕೊಂಡು, "ಆ ಗದ್ದ ಬರೆದು ನಗಾಡ್ಬುಟ್ನಲ್ಲಪ್ಪಾ," ಎಂದು ಮಗುವಿನಂತೆ ಅತ್ತರಂತೆ. ಬೀದಿಯ ತುದಿಯಲ್ಲಿ ನನ್ನ ಕ್ಲಾಸಿನ ಹುಡುಗರು ನಾಳೆ ಶಾಲೆಗೆ ರಜೆಯೋ, ಅರ್ಧ ದಿನ ಮಾತ್ರವೋ ಎಂದು ಪಿಸುಗುಟ್ಟುತ್ತಿದ್ದರಂತೆ. ಅದನ್ನು ನಾನು ತಪ್ಪು ತಿಳಿಯುವುದಿಲ್ಲ.

ಆಗಲೇ ರಾಜಮ್ಮಣ್ಣಿ ಬಸ್ಸಿಳಿದು, ಬಟ್ಟೆಯ ಗಂಟು ಹೊತ್ತ ಅಪ್ಪನ ಜೊತೆ ಬೀದಿಗೆ ತಿರುಗಿದಳು.

ಮನೆಯ ಮುಂದಿನ ಜನ ಅವಳಿಗೆ ದಾರಿ ಬಿಟ್ಟಿತು. ಮಾವನವರ ಕೈಯಿಂದ ಗಂಟು ಜಾರಿ, ಮದುವೆಯ ಸೀರೆಗಳು ಬೀದಿಯಲ್ಲಿ ಹರಡಿಕೊಂಡವು. ಸಾಕಮ್ಮ, "ಅಯ್ಯೋ ನನ್ ಕೂಸೇ," ಎಂದು ಅವಳನ್ನು ತಬ್ಬಲು ಬಂದರು. ರಾಜಮ್ಮಣ್ಣಿ ಅವರ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಜಗಲಿ ಹತ್ತಿದಳು. ಹಾರವನ್ನು ಪಕ್ಕಕ್ಕೆ ಸರಿಸಿ ನನ್ನ ಎದೆಯ ಮೇಲೆ ಅಂಗೈ ಇಟ್ಟಳು.

"ರಂಗಯ್ಯ ನೋಡುದ್ರು ಕಣಮ್ಮಿ... ಇಲ್ಲ," ಎಂದರು ಯಾರೋ.

"ಎಲ್ಲಾರೂ ಒಸಿ ಸುಮ್ಕಿರಿ," ಎಂದಳು ಅವಳು.

ಸುಮ್ಮನಾದರು. ಅವಳು ಕಣ್ಣು ಮುಚ್ಚಿ, ಅಂಗೈಯಲ್ಲೇ ಕೇಳಿಸಿಕೊಳ್ಳುವವಳ ಹಾಗೆ ನಿಂತಿದ್ದಳು. ಊದುಬತ್ತಿಯ ಹೊಗೆ ನೆಟ್ಟಗೆ ಏಳುತ್ತಿತ್ತು. ಮಾವನವರು ಬೀದಿಯಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದರು. ಅಷ್ಟು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲವಂತೆ.

"ಈಗ ಬತ್ತದೆ," ಎಂದಳು.

ಎಡಗೈಯಿಂದ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಬಲಗೈಯಿಂದ ದವಡೆಯ ಕಟ್ಟನ್ನು ಕಿತ್ತು ಗದ್ದವನ್ನು ಮೇಲೆತ್ತಿದಳು.

ಬಂತು! ಬಂಡೀಪುರದ ಒಂಟಿಸಲಗ ಘೀಳಿಟ್ಟಂತೆ ಬಂತು! ರಂಗಯ್ಯ ಜಗಲಿಯಿಂದ ಹಿಂದಕ್ಕೆ ಹಾರಿ ಈರುಳ್ಳಿ ಚೀಲದ ಮೇಲೆ ಬಿದ್ದರು. ಹೂವಿನವಳು ಬುಟ್ಟಿ ಬಿಟ್ಟು ಓಡಿದಳು. ಮಾದಪ್ಪನವರು ಎರಡನೆಯ ಸಲ ನನ್ನ ಕಾಲಿಗೆ ಬಿದ್ದರು.

ನಾನು ಕಣ್ಣು ಬಿಟ್ಟೆ. ಇಲ್ಲಿಂದ ಮತ್ತೆ ನಾನು ನೋಡಿದ್ದು.

ಕೊರಳಲ್ಲಿ ಹಾರ. ಊದುಬತ್ತಿಯ ಪರಿಮಳ. ಎದುರಿಗೆ ಕೈಮುಗಿದು ನಿಂತ ಜನಸ್ತೋಮ. ಕಂಬ ಹಿಡಿದು ಆನಂದಬಾಷ್ಪ ಸುರಿಸುತ್ತಿರುವ ಸಹೋದ್ಯೋಗಿ. ಒಬ್ಬ ಕನ್ನಡ ಮೇಷ್ಟ್ರು ಇದರಿಂದ ಏನನ್ನು ತಿಳಿಯಬೇಕು? ನಾನು ಸರಿಯಾದುದನ್ನೇ ತಿಳಿದೆ. ಕೊನೆಗೂ ಈ ಊರಿಗೆ ನನ್ನ ಬೆಲೆ ಗೊತ್ತಾಗಿದೆ. ಮನೆಬಾಗಿಲಿಗೇ ಬಂದು ಸನ್ಮಾನ ಮಾಡುತ್ತಿದ್ದಾರೆ!

ಎದ್ದು ನಿಂತೆ. ಹಾರ ಸರಿಮಾಡಿಕೊಂಡೆ. ಕೈಜೋಡಿಸಿ, "ಮಹನೀಯರೇ, ಈ ಗೌರವಕ್ಕೆ ನಾನು ಅರ್ಹನೋ ಅಲ್ಲವೋ..." ಎಂದು ಪ್ರಾರಂಭಿಸಿದೆ.

"ಅಲ್ಲ!" ಎಂದರು ಮಾವನವರು ಬೀದಿಯಿಂದ. ಅವರ ಧ್ವನಿ ಒಡೆದಿತ್ತು.

ಆಗ ನನ್ನ ಹೆಂಡತಿಯನ್ನು ನೋಡಿದೆ. ಅಲ್ಲಿಯವರೆಗೆ ಒಂದು ಹನಿಯನ್ನೂ ಹಾಕದವಳು ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತು, ನನ್ನ ದವಡೆ ಕಟ್ಟಿದ್ದ ಬಟ್ಟೆಯನ್ನೇ ಬಾಯಿಗೊತ್ತಿಕೊಂಡು ಅಳುತ್ತಿದ್ದಳು. ನನ್ನ ಭಾಷಣ ಅಲ್ಲಿಗೆ ನಿಂತಿತು. ಜೀವಮಾನದಲ್ಲಿ ಅರ್ಧಕ್ಕೆ ನಿಂತ ನನ್ನ ಏಕೈಕ ಭಾಷಣ ಅದು.

ಪಕ್ಕದಲ್ಲಿ ಕೂತೆ. "ನಿನಗೆ ಭಯ ಹೋಗಲಿ ಅಂತ ಮಾಡಿದೆ," ಎಂದೆ. ಅವಳು ಆ ಬಟ್ಟೆಯಿಂದಲೇ ನನ್ನ ಬೆನ್ನಿಗೆ ಎರಡು ಬಾರಿಸಿದಳು. ಬೀದಿಯೇ ನಿಂತು ನೋಡುತ್ತಿತ್ತು. ಮೂರನೆಯದಕ್ಕೆ ಎತ್ತಿದ ಕೈಯನ್ನು ಇಳಿಸಿ, ನನ್ನ ತೋಳು ಹಿಡಿದುಕೊಂಡು ಬಿಡಲೇ ಇಲ್ಲ.

"ಇನ್ ಮ್ಯಾಲೆ ಡಾಕ್ಟ್ರತಾಕೆ ನಾನೂ ಬತ್ತೀನಿ," ಎಂದಳು.

ಬಂದಳು. ಡಾಕ್ಟರು ನನ್ನನ್ನು ಮೂಲೆಯ ಸ್ಟೂಲಿನ ಮೇಲೆ ಕೂರಿಸಿ ಅವಳ ಜೊತೆ ಮಾತಾಡಿದರು. ಯಾವ ಮಗ್ಗುಲಲ್ಲಿ ಉಸಿರು ನಿಲ್ಲುತ್ತದೆ, ಯಾವುದರಲ್ಲಿ ಇಲ್ಲ, ತಡವಾಗಿ ಉಂಡ ದಿನ ಹೇಗೆ, ನೆಗಡಿಯಾದಾಗ ಹೇಗೆ, ಎಲ್ಲವನ್ನೂ ಅವಳು ಹೇಳಿದಳು. ಅವರು ಬರೆದುಕೊಳ್ಳುತ್ತಲೇ ಹೋದರು. ನನ್ನ ಬಗ್ಗೆ ಇಷ್ಟೊಂದು ವಿಷಯಗಳಿವೆ ಎಂದು ನನಗೇ ಗೊತ್ತಿರಲಿಲ್ಲ.

"ಮಗ್ಗುಲಾದರೆ ನಿಲ್ಲೋದು ಬಹಳ ಕಡಿಮೆ ಅಂತೀರಲ್ಲ, ಅದೇ ಒಳ್ಳೆ ಸುದ್ದಿ," ಎಂದರು ಡಾಕ್ಟರು. "ಇವರಿಗೆ ನಾನು ಅವತ್ತೇ ಹೇಳಿದ್ದೆ."

ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಹಲ್ಲಿನ ಚಿತ್ರವನ್ನು ನೋಡಿದೆ.

"ಹಂಗಾರೆ ದವಡೆ?" ಎಂದು ಅವಳು ಕೇಳಿದಳು.

"ಅದು ಎಲ್ಲಿಗೂ ಹೋಗಲ್ಲಮ್ಮ. ಮೊದಲು ಇದನ್ನ ಮಾಡಿ. ಆಗದಿದ್ದರೆ ಆಗ ಮೂವರೂ ಕೂತು ಯೋಚಿಸೋಣ."

ಹೀಗೆ ನನ್ನ ದವಡೆಯ ಮುಂಬಡ್ತಿಯ ಆದೇಶ ಅನಿರ್ದಿಷ್ಟ ಕಾಲದವರೆಗೆ ತಡೆಹಿಡಿಯಲ್ಪಟ್ಟಿತು. ರಾಜಮ್ಮಣ್ಣಿ ನನ್ನ ಬನಿಯನ್ನುಗಳ ಬೆನ್ನಿಗೆಲ್ಲ ಜೇಬು ಹೊಲಿದು, ಒಂದೊಂದು ರಬ್ಬರ್ ಚೆಂಡು ತುಂಬಿಸಿದಳು. ಅಂಗಾತವಾದರೆ ಚೆಂಡು ಒತ್ತುತ್ತದೆ, ತಾನಾಗಿಯೇ ಮಗ್ಗುಲಾಗುತ್ತೇನೆ. ಒಂದು ಬೆಳಿಗ್ಗೆ ಮರೆತು ಅದೇ ಬನಿಯನ್ನಿನ ಮೇಲೆ ಅಂಗಿ ತೊಟ್ಟು ಶಾಲೆಗೆ ಹೋದೆ. ಮೇಷ್ಟ್ರಿಗೆ ಒಂದೇ ವಾರದಲ್ಲಿ ಗೂನು ಬಂತು ಎಂದು ಹುಡುಗರು ಮರುಗಿದರು!

ರಾತ್ರಿಯ ಮುದ್ದೆ ಚಿಕ್ಕದಾಯಿತು. ತುಪ್ಪ ಮನೆ ಬಿಟ್ಟಿತು. ಬೆಳಿಗ್ಗೆ ಹೊತ್ತು ಗುಂಡ್ಲುಪೇಟೆ ರಸ್ತೆಯಲ್ಲಿ ಗಂಡಹೆಂಡಿರಿಬ್ಬರೂ ನಡೆಯತೊಡಗಿದೆವು. ಮೊದಮೊದಲು ನಾನು ಮೈಲಿಕಲ್ಲು ಕಂಡಲ್ಲೆಲ್ಲ ಕೂರುತ್ತಿದ್ದೆ. ಅವಳು ನಿಂತು ಕಾಯುತ್ತಿದ್ದಳು. ಆಮೇಲಾಮೇಲೆ ಗೋಪಾಲಸ್ವಾಮಿ ಬೆಟ್ಟವನ್ನು ನಡೆದೇ ಹತ್ತುವಷ್ಟಾದೆ. ಬೆಲ್ಟಿಗೆ ಹೊಸ ತೂತುಗಳು ಬಿದ್ದವು. ಒಂದು ಮುಂಜಾನೆ ಅವಳು ಕಾಫಿ ಕೊಡುತ್ತಾ, "ರಾತ್ರಿ ಒಂದ್ ಸಲನೂ ಅಲ್ಲಾಡುಸ್ಲಿಲ್ಲ," ಎಂದಳು. ಹೇಳುವಾಗ ಅವಳ ಧ್ವನಿಯಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಆಶ್ಚರ್ಯವಿತ್ತು. ಕೆಲಸ ಮುಗಿಯಿತು ಎಂದು ಅವಳ ಕೈಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

ಗುಂಡ್ಲುಪೇಟೆಯಲ್ಲಿ ಭಾಮೈದನ ಮದುವೆ. ಓಲಗ, ಮಕ್ಕಳ ಕಿರುಚಾಟ, ಮೈಕಿನ ಕೂಗು. ಅಷ್ಟರ ನಡುವೆ ರಾಜಮ್ಮಣ್ಣಿ ಹಿಂದಿನ ಸಾಲಿನ ಕುರ್ಚಿಗೆ ಬಂದು ನನ್ನ ಪಕ್ಕ ಕೂತಳು. "ಕಾಲು ನೋಯ್ತದೆ," ಎಂದಳು. ಮರುಕ್ಷಣ ಅವಳ ತಲೆ ನನ್ನ ಭುಜದ ಮೇಲೆ ಬಿತ್ತು. ನಿದ್ದೆ! ಎಷ್ಟೋ ವರ್ಷಗಳ ಬಾಕಿ ನಿದ್ದೆ ಹಾಡಹಗಲು, ಓಲಗದ ಎದುರಿಗೇ ಅವಳನ್ನು ಹುಡುಕಿಕೊಂಡು ಬಂದಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಮುಡಿದಿದ್ದ ಮಲ್ಲಿಗೆ ನನ್ನ ಕಿವಿಗೆ ತಾಗುತ್ತಿತ್ತು.

ಅವಳನ್ನು ಕಾಯುವ ಸರದಿ ಇವತ್ತು ನನ್ನದು ಎಂದು ನಾನು ಅಲುಗಾಡದೆ ಕೂತೆ. ತೋಳು ಜೋಮು ಹಿಡಿಯಿತು. ಊಟಕ್ಕೆ ಕರೆದವರಿಗೆ ಕಣ್ಣಿನಲ್ಲೇ ಬೇಡವೆಂದೆ. ಒಬ್ಬ ಗಂಡಸು ತನ್ನ ಹೆಂಡತಿಯ ನಿದ್ದೆಗೆ ಕಲ್ಲುಕಂಬದಂತೆ ಕಾವಲು ಕೂತಿದ್ದ ಆ ಹೊತ್ತನ್ನು ಆಮೇಲೆ ಎಷ್ಟೋ ಜನರ ಮುಂದೆ ವರ್ಣಿಸಿದ್ದೇನೆ. ಕೇಳಿದ ಹೆಂಗಸರ ಕಣ್ಣು ಒದ್ದೆಯಾ­ಗಿದ್ದೂ ಉಂಟು.

ತಿಂಗಳಾದ ಮೇಲೆ ಮದುವೆಯ ಆಲ್ಬಂ ಬಂತು. ಮಾವನವರು ನಡುವಿನ ಪುಟವೊಂದನ್ನು ತೆರೆದು ನನ್ನ ಮುಂದೆ ಹಿಡಿದರು. ಹಿಂದಿನ ಸಾಲಿನ ಕುರ್ಚಿಯಲ್ಲಿ ರಾಜಮ್ಮಣ್ಣಿ ನನ್ನ ಭುಜಕ್ಕೊರಗಿ ನಿದ್ದೆ ಮಾಡುತ್ತಿದ್ದಾಳೆ. ಅವಳ ತಲೆಯ ಮೇಲೆ ನನ್ನ ತಲೆ. ಕಲ್ಲುಕಂಬದ ಕಣ್ಣು ಗಟ್ಟಿಯಾಗಿ ಮುಚ್ಚಿದೆ. ಬಾಯಿ ಅವಳದಕ್ಕಿಂತ ದೊಡ್ಡದಾಗಿ ತೆರೆದಿದೆ!

"ಫೋಟೋದವ್ನು ಎಬ್ರುಸ್ಲಾ ಅಂತ ಕೇಳ್ದ," ಎಂದರು ಮಾವನವರು. "ಬ್ಯಾಡ ಬುಡಪ್ಪ, ಇಬ್ರೂ ಮಲೀಕಳ್ಲಿ ಅಂದೆ."

ಆ ಫೋಟೋವನ್ನು ಅವರು ಕಟ್ಟು ಹಾಕಿಸಿ ನಮ್ಮ ನಡುಮನೆಯ ಗೋಡೆಗೆ ತೂಗುಹಾಕಿದ್ದಾರೆ. ಬಂದ ನೆಂಟರಿಗೆಲ್ಲ ನಾನು, ಅದು ನಿದ್ದೆಯಲ್ಲ, ಕಣ್ಣು ಮುಚ್ಚಿ ನಾದಸ್ವರ ಆಲಿಸುತ್ತಿದ್ದೆ ಎಂದು ವಿವರಿಸುತ್ತೇನೆ. ಬಾಯಿ ಯಾಕೆ ತೆರೆದಿತ್ತು ಎಂದು ಕೇಳುತ್ತಾರೆ.

ಅದಕ್ಕೆ ಇನ್ನೂ ಉತ್ತರ ಹೊಳೆದಿಲ್ಲ.